ಇಲಿ ಜ್ವರಕ್ಕೆ ಇಲಿಯೊಂದೇ ಕಾರಣವಲ್ಲ: ಮಳೆಗಾಲ, ಕೊಟ್ಟಿಗೆ ಮತ್ತು ಲೆಪ್ಟೊಸ್ಪೈರೋಸಿಸ್

ಮಳೆಗಾಲ ಶುರುವಾದ ಮೇಲೆ ಮುಂಬೈ ಮಹಾನಗರ ಪಾಲಿಕೆ ಪ್ರತಿ ವರ್ಷವೂ ಮಳೆಗಾಲದ ರೋಗಗಳ ಅಂಕಿ ಅಂಶ ಪ್ರಕಟಿಸುತ್ತದೆ. ಮಲೇರಿಯಾ, ಡೆಂಗಿ, ವಾಂತಿಭೇದಿ, ಹೆಪಟೈಟಿಸ್‌ಗಳ ಜೊತೆ ಆ ಪಟ್ಟಿಯಲ್ಲಿ ತಪ್ಪದೆ ಇರುವ ಇನ್ನೊಂದು ಹೆಸರು ಲೆಪ್ಟೊ, ಅಂದರೆ ಲೆಪ್ಟೊಸ್ಪೈರೋಸಿಸ್. ಹೆಚ್ಚುಕಡಿಮೆ ಅದೇ ವಾರಗಳಲ್ಲಿ ಉಡುಪಿ, ದಕ್ಷಿಣ ಕನ್ನಡ, ಶಿವಮೊಗ್ಗ ಕಡೆಯ ಸುದ್ದಿಗಳಲ್ಲಿ ‘ಇಲಿ ಜ್ವರ’ ಕಾಣಿಸಿಕೊಳ್ಳುತ್ತದೆ. ಎರಡೂ ಒಂದೇ ರೋಗ. ಮುಂಬೈ, ಪುಣೆಯಲ್ಲಿರುವ ಕನ್ನಡಿಗರು ನಗರದಲ್ಲಿ ಒಂದು ಹೆಸರು, ಊರಿನಲ್ಲಿ ಇನ್ನೊಂದು ಹೆಸರು ಕೇಳಿ ಇವು ಬೇರೆ ಬೇರೆ ಎಂದುಕೊಳ್ಳುವುದುಂಟು.

ಇಲಿ ಜ್ವರ ಎಂಬ ಹೆಸರು ಸುಳ್ಳಲ್ಲ. ನಗರದ ನೆರೆ ನೀರಿನಲ್ಲಿ ಈ ರೋಗಾಣುವನ್ನು ಹರಡುವುದರಲ್ಲಿ ಇಲಿ ಹೆಗ್ಗಣಗಳದ್ದೇ ದೊಡ್ಡ ಪಾಲು. ಆದರೆ ಆ ಹೆಸರು ಅರ್ಧ ಕಥೆಯನ್ನಷ್ಟೇ ಹೇಳುತ್ತದೆ. ಜ್ವರ ಬಂದವರನ್ನು ‘ಮನೆಯಲ್ಲಿ ಇಲಿ ಇದೆಯೇ’ ಎಂದು ಕೇಳಿದರೆ ‘ಇಲ್ಲ’ ಎನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ಎರಡು ವಾರದ ಹಿಂದೆ ಊರಿಗೆ ಹೋಗಿದ್ದು, ಅಲ್ಲಿ ಬರಿಗಾಲಿನಲ್ಲಿ ಕೊಟ್ಟಿಗೆಯ ಗೊಬ್ಬರ ತೆಗೆದದ್ದು, ಅಲ್ಲಿನ ಒಂದು ಹಸು ಕಳೆದ ಸಲ ಕಂದು ಹಾಕಿದ್ದು, ಇವೆಲ್ಲ ಯಾರ ಬಾಯಿಗೂ ಬರುವುದಿಲ್ಲ. ಹಸು, ಎಮ್ಮೆಗಳೂ ಈ ರೋಗಾಣುವನ್ನು ಹೊತ್ತಿರುತ್ತವೆ, ಮತ್ತು ಅವುಗಳಿಂದ ಮನುಷ್ಯರಿಗೆ ಬರುವ ಸೋಂಕಿಗೂ ಒಂದು ಋತುಮಾನವಿದೆ. ರೋಗಿಗಳು ಮತ್ತು ಅವರನ್ನು ನೋಡಿಕೊಳ್ಳುವವರು ಈ ಋತುಮಾನವನ್ನು ತಿಳಿದಿದ್ದರೆ ವೈದ್ಯರಿಗೆ ಹೇಳಬೇಕಾದ ಮಾತು ಸರಿಯಾದ ಹೊತ್ತಿಗೆ ನೆನಪಾಗುತ್ತದೆ. ಈ ರೋಗದಲ್ಲಿ ಎರಡು ದಿನ ಮೊದಲು ಚಿಕಿತ್ಸೆ ಶುರುವಾಗುವುದಕ್ಕೂ ಎರಡು ದಿನ ತಡವಾಗುವುದಕ್ಕೂ ಬಹಳ ವ್ಯತ್ಯಾಸವಿದೆ.

ರೋಗಾಣುವಿನ ಮನೆ ಮೂತ್ರಪಿಂಡ

ಲೆಪ್ಟೊಸ್ಪೈರಾ ಎಂಬುದು ಸುರುಳಿಯಾಕಾರದ, ಬಹಳ ತೆಳುವಾದ ಬ್ಯಾಕ್ಟೀರಿಯಾ. ಈ ರೋಗದ ಉಗ್ರ ರೂಪವನ್ನು 1886ರಲ್ಲಿ ಜರ್ಮನಿಯ ವೈದ್ಯ ಅಡಾಲ್ಫ್ ವೈಲ್ ವಿವರಿಸಿದರು, ಹಾಗಾಗಿ ಕಾಮಾಲೆ ಮತ್ತು ಮೂತ್ರಪಿಂಡ ವೈಫಲ್ಯದೊಂದಿಗೆ ಬರುವ ರೂಪಕ್ಕೆ ಇಂದಿಗೂ ವೈಲ್ ಕಾಯಿಲೆ ಎಂಬ ಹೆಸರಿದೆ. 2015ರಲ್ಲಿ ಪ್ರಕಟವಾದ ಒಂದು ಜಾಗತಿಕ ಅಂದಾಜಿನ ಪ್ರಕಾರ ವರ್ಷಕ್ಕೆ ಸುಮಾರು 10 ಲಕ್ಷ ಜನರಿಗೆ ಈ ರೋಗ ತಗಲುತ್ತದೆ, ಸುಮಾರು 59 ಸಾವಿರ ಜನ ಸಾಯುತ್ತಾರೆ.

ಸೋಂಕು ತಗಲಿದ ಪ್ರಾಣಿಯ ರಕ್ತದಿಂದ ರೋಗಾಣು ಕೆಲವೇ ದಿನಗಳಲ್ಲಿ ಮಾಯವಾಗುತ್ತದೆ. ಆದರೆ ಮೂತ್ರಪಿಂಡದ ಸೂಕ್ಷ್ಮ ನಾಳಗಳಲ್ಲಿ ಅದು ನೆಲೆಯೂರುತ್ತದೆ. ಅಲ್ಲಿಂದ ಮೂತ್ರದ ಜೊತೆ ವಾರಗಟ್ಟಲೆ, ತಿಂಗಳುಗಟ್ಟಲೆ ಹೊರಬರುತ್ತಿರುತ್ತದೆ. ಹಸು ನೋಡಲು ಆರೋಗ್ಯವಾಗಿಯೇ ಇರುತ್ತದೆ. ಮೇಯುತ್ತದೆ, ಮೆಲುಕು ಹಾಕುತ್ತದೆ, ಹಾಲು ಕೊಡುತ್ತದೆ.

ಇಲ್ಲಿ ಸಣ್ಣದೊಂದು ವಿಷಯವಿದೆ, ಅದಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ ಎಂದು ನನಗನಿಸುತ್ತದೆ. ಈ ರೋಗಾಣುವಿಗೆ ಆಮ್ಲ ಆಗುವುದಿಲ್ಲ. ನಾಯಿಯ ಮೂತ್ರ, ಮನುಷ್ಯನ ಮೂತ್ರ ಸಾಮಾನ್ಯವಾಗಿ ಆಮ್ಲೀಯ, ಅದರಲ್ಲಿ ರೋಗಾಣು ಹೆಚ್ಚು ಹೊತ್ತು ಬಾಳುವುದಿಲ್ಲ. ಹುಲ್ಲು ತಿನ್ನುವ ಹಸು, ಎಮ್ಮೆಗಳ ಗಂಜಲ ಕ್ಷಾರೀಯ, ಅದರಲ್ಲಿ ಅದಕ್ಕೆ ಬಾಳಲು ಅನುಕೂಲ. ಇನ್ನು ಪ್ರಮಾಣದ ಮಾತು. ಇಲಿಯ ಮೂತ್ರದ ಪ್ರತಿ ಹನಿಯಲ್ಲಿ ರೋಗಾಣುಗಳ ಸಂಖ್ಯೆ ಹೆಚ್ಚಿರಬಹುದು, ಆದರೆ ಇಲಿ ದಿನಕ್ಕೆ ಹುಯ್ಯುವುದು ಕೆಲವು ಚಮಚ. ಕರೆಯುವ ಹಸು ಹತ್ತು ಲೀಟರಿಗೂ ಹೆಚ್ಚು ಹುಯ್ಯುತ್ತದೆ. ಅದೂ ನಾವು ದಿನಕ್ಕೆರಡು ಬಾರಿ ಕುಕ್ಕರುಗಾಲಿನಲ್ಲಿ ಕೂತು ಹಾಲು ಕರೆಯುವ ಜಾಗದಲ್ಲೇ.

ಮಳೆ ಏನು ಮಾಡುತ್ತದೆ

ನೆಲ ಒಣಗಿದ್ದರೆ, ಬಿಸಿಲು ಬಿದ್ದರೆ ಲೆಪ್ಟೊಸ್ಪೈರಾ ಬೇಗ ಸಾಯುತ್ತದೆ. ಒದ್ದೆ ಮಣ್ಣು, ನಿಂತ ನೀರು, ಬೆಚ್ಚಗಿನ ಹವೆ ಸಿಕ್ಕರೆ ವಾರಗಟ್ಟಲೆ ಬದುಕುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಹಸುವಿನ ಮೂತ್ರಪಿಂಡದಲ್ಲಿ ರೋಗಾಣು ಇದ್ದರೂ ಹೊರಗೆ ಬಿದ್ದದ್ದು ಅಂಗಳದ ಬಿಸಿಲಿಗೆ ಒಣಗಿ ಹೋಗುತ್ತದೆ. ಮಳೆ ಹಿಡಿದ ಮೇಲೆ ಅಂಗಳ, ಗದ್ದೆ, ತೋಡು, ಕೊಟ್ಟಿಗೆಯ ಹೊರಗಿನ ಕೆಸರು ಎಲ್ಲ ಒಂದಾಗುತ್ತದೆ. ಒಂದು ಮೂಲೆಯಲ್ಲಿ ಬಿದ್ದ ಗಂಜಲ ಇನ್ನೊಂದು ಮೂಲೆಯ ಕಾಲಿಗೆ ತಲುಪುತ್ತದೆ. ಮೇಯಲು ಬಿಡದೆ ಕಟ್ಟಿಹಾಕಿದ ದನಗಳು ಒತ್ತೊತ್ತಾಗಿ ನಿಂತು ಒಂದರ ಮೂತ್ರ ಇನ್ನೊಂದರ ಮೈಮೇಲೆ, ಮೇವಿನ ಮೇಲೆ ಸಿಡಿಯುತ್ತದೆ. ಅದೇ ಹೊತ್ತಿಗೆ ಮನುಷ್ಯರ ಚರ್ಮವೂ ಸೋತಿರುತ್ತದೆ. ನೀರಿನಲ್ಲಿ ನೆನೆದ ಪಾದ, ಬೆರಳ ಸಂದಿಯ ಕೆಸರು ಹುಣ್ಣು, ಮಲೆನಾಡಾದರೆ ಇಂಬಳ ಕಚ್ಚಿದ ಗಾಯ, ಎಲ್ಲವೂ ರೋಗಾಣುವಿಗೆ ತೆರೆದ ಬಾಗಿಲು. ಕಣ್ಣು, ಮೂಗು, ಬಾಯಿಯ ಒಳಪೊರೆಯ ಮೂಲಕವೂ ಅದು ಒಳಹೋಗಬಲ್ಲದು.

ಮನುಷ್ಯರಲ್ಲಿ ಸೋಂಕು ತಗಲಿ ಜ್ವರ ಬರಲು ಸಾಮಾನ್ಯವಾಗಿ 5ರಿಂದ 14 ದಿನ ಬೇಕು, ಕೆಲವೊಮ್ಮೆ ತಿಂಗಳವರೆಗೂ ಹೋಗಬಹುದು. ಆದ್ದರಿಂದ ಜೋರು ಮಳೆಯ ದಿನಕ್ಕೂ ಆಸ್ಪತ್ರೆ ತುಂಬುವ ದಿನಕ್ಕೂ ಒಂದೆರಡು ವಾರಗಳ ಅಂತರವಿರುತ್ತದೆ. 2005ರ ಜುಲೈ 26ರಂದು ಮುಂಬೈನ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು, ಲೆಪ್ಟೊ ರೋಗಿಗಳು ಆಸ್ಪತ್ರೆಗಳಿಗೆ ಬರತೊಡಗಿದ್ದು ಆಗಸ್ಟ್‌ನಲ್ಲಿ. ನೀರು ಇಳಿದಿತ್ತು, ಭಯವೂ ಇಳಿದಿತ್ತು, ಜ್ವರ ಆಮೇಲೆ ಬಂತು. 1999ರ ಒಡಿಶಾ ಚಂಡಮಾರುತದ ನಂತರ, 2018ರ ಕೇರಳದ ನೆರೆಯ ನಂತರವೂ ಹೀಗೇ ಆಯಿತು. ಕೇರಳ ಸರ್ಕಾರ ಆಗ ನೆರೆಪೀಡಿತರಿಗೆ, ಸ್ವಯಂಸೇವಕರಿಗೆ ಡಾಕ್ಸಿಸೈಕ್ಲಿನ್ ಮಾತ್ರೆ ಹಂಚಿತು.

ನೆರೆಯೇ ಬರಬೇಕೆಂದಿಲ್ಲ. ದಕ್ಷಿಣ ಗುಜರಾತಿನ ಸೂರತ್, ನವಸಾರಿ, ವಲ್ಸಾಡ್ ಜಿಲ್ಲೆಗಳಲ್ಲಿ 1990ರ ದಶಕದಿಂದ ಪ್ರತಿ ಮಳೆಗಾಲವೂ ಈ ರೋಗ ಬರುತ್ತಿದೆ. ಅಲ್ಲಿ ನೆರೆಗಿಂತ ಮುಖ್ಯವಾದದ್ದು ದಿನವಿಡೀ ಭತ್ತದ ಗದ್ದೆಯ ನೀರಿನಲ್ಲಿ ಬರಿಗಾಲಿನಲ್ಲಿ ನಿಲ್ಲುವ ಕೂಲಿಕಾರರ ಬದುಕು. ನಮ್ಮ ಕರಾವಳಿಯ ಗದ್ದೆಗಳಿಗೂ ಈ ಮಾತು ಅನ್ವಯಿಸುತ್ತದೆ.

ಮಳೆಯ ಕ್ಯಾಲೆಂಡರ್ ಎಲ್ಲ ಕಡೆ ಒಂದೇ ಅಲ್ಲ ಎಂಬುದನ್ನೂ ಗಮನಿಸಬೇಕು. ಮುಂಬೈ, ಪುಣೆ, ಕರಾವಳಿ ಕರ್ನಾಟಕದಲ್ಲಿ ಜುಲೈನಿಂದ ಸೆಪ್ಟೆಂಬರ್ ಅಪಾಯದ ಕಾಲ. ಚೆನ್ನೈಗೆ ದೊಡ್ಡ ಮಳೆ ಬರುವುದೇ ಹಿಂಗಾರಿನಲ್ಲಿ, ಹಾಗಾಗಿ ಅಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಜನವರಿಯ ಆರಂಭದವರೆಗೂ ಎಚ್ಚರ ಬೇಕು. ಚೆನ್ನೈಯಲ್ಲಿರುವವರು ‘ಮಳೆಗಾಲ ಮುಗಿಯಿತಲ್ಲ’ ಎಂದು ಕರ್ನಾಟಕದ ಲೆಕ್ಕದಲ್ಲಿ ಯೋಚಿಸುವಂತಿಲ್ಲ. ಹೈದರಾಬಾದ್ ಮತ್ತು ದೆಹಲಿಯಲ್ಲಿ ಜುಲೈನಿಂದ ಸೆಪ್ಟೆಂಬರ್ ಅಥವಾ ಅಕ್ಟೋಬರ್. ಉತ್ತರ ಭಾರತದಲ್ಲಿ ಬಹುಕಾಲ ಇದನ್ನು ದಕ್ಷಿಣದ, ಕರಾವಳಿಯ ಕಾಯಿಲೆ ಎಂದೇ ಭಾವಿಸಿದ್ದರು. ಈಗ ಅಲ್ಲಿನ ಆಸ್ಪತ್ರೆಗಳಲ್ಲೂ ಪತ್ತೆಯಾಗುತ್ತಿದೆ.

ಹಸುವಿನ ಕ್ಯಾಲೆಂಡರ್ ಬೇರೆ

ಮನುಷ್ಯರಲ್ಲಿ ಮಳೆ ಮತ್ತು ಜ್ವರದ ಸಂಬಂಧ ಕಣ್ಣಿಗೆ ಕಾಣುವಷ್ಟು ಹತ್ತಿರ. ಹಸುಗಳಲ್ಲಿ ಅದು ಹಾಗಿಲ್ಲ, ಅದಕ್ಕೇ ಅದು ತಪ್ಪಿಹೋಗುತ್ತದೆ.

ಲೆಪ್ಟೊಸ್ಪೈರಾದಲ್ಲಿ ಹಲವಾರು ಬಗೆಗಳಿವೆ, ಒಂದೊಂದಕ್ಕೆ ಒಂದೊಂದು ಪ್ರಾಣಿ ಇಷ್ಟ. ಇಲಿಗೆ ಹೊಂದಿಕೊಂಡದ್ದು ಬೇರೆ, ಹಸುವಿಗೆ ಹೊಂದಿಕೊಂಡದ್ದು ಬೇರೆ. ಹಸುವಿನದಕ್ಕೆ ಹಾರ್ಡ್ಜೊ ಎಂದು ಹೆಸರು. ಇದು ಹಸುವನ್ನು ಕೊಲ್ಲುವುದಿಲ್ಲ, ಅದರೊಳಗೆ ಬಾಡಿಗೆಗಿದ್ದಂತೆ ಇರುತ್ತದೆ. ಕಾಣುವ ಲಕ್ಷಣಗಳು ಎರಡೇ. ಮೊದಲನೆಯದು, ಕರೆಯುವ ಹಸುವಿನ ಹಾಲು ಒಂದೆರಡು ದಿನದಲ್ಲಿ ಇದ್ದಕ್ಕಿದ್ದಂತೆ ಕುಸಿಯುವುದು. ಕೆಚ್ಚಲು ಬಾವಿನಲ್ಲಿ ಕೆಚ್ಚಲು ಗಟ್ಟಿಯಾಗುತ್ತದೆ, ಬಿಸಿಯಾಗುತ್ತದೆ, ಸಾಮಾನ್ಯವಾಗಿ ಒಂದೋ ಎರಡೋ ಮೊಲೆಗೆ ಸೀಮಿತವಾಗಿರುತ್ತದೆ. ಇಲ್ಲಿ ನಾಲ್ಕೂ ಕಡೆ ಕೆಚ್ಚಲು ಮೆತ್ತಗೆ ಜೋತುಬೀಳುತ್ತದೆ, ಹಾಲು ಗಿಣ್ಣಿನಂತೆ ಹಳದಿಯಾಗಿ ಮಂದವಾಗುತ್ತದೆ, ಕೆಲವೊಮ್ಮೆ ರಕ್ತದ ಬಣ್ಣವೂ ಸೇರಿರುತ್ತದೆ. ಹತ್ತು ಹದಿನೈದು ದಿನಗಳಲ್ಲಿ ಹೆಚ್ಚಿನ ಹಸುಗಳು ತಾವಾಗಿಯೇ ಸರಿಹೋಗುತ್ತವೆ, ಯಾರೂ ಕಾರಣ ಹುಡುಕುವುದಿಲ್ಲ.

ಎರಡನೆಯದು ಕಂದು ಹಾಕುವುದು. ಸೋಂಕು ತಗಲಿ ಹಲವು ವಾರಗಳ ನಂತರ, ಕೆಲವೊಮ್ಮೆ ಎರಡು ಮೂರು ತಿಂಗಳ ನಂತರ, ಗಬ್ಬದ ಕೊನೆಯ ತಿಂಗಳುಗಳಲ್ಲಿ ಇದು ಆಗುತ್ತದೆ. ಲೆಕ್ಕ ಹಾಕಿ ನೋಡಿ. ಆಗಸ್ಟ್‌ನ ಕೆಸರಿನಲ್ಲಿ ಸೋಂಕು ತಗಲಿದರೆ ಕಂದು ಬೀಳುವುದು ಅಕ್ಟೋಬರ್, ನವೆಂಬರ್‌ನಲ್ಲಿ, ಅಂಗಳ ಒಣಗಿ ದೀಪಾವಳಿ ಬಂದಾಗ. ಆಗ ಯಾರಿಗೂ ಮಳೆ ನೆನಪಾಗುವುದಿಲ್ಲ. ‘ದೃಷ್ಟಿ ತಾಗಿತು’, ‘ಮೇವು ಸರಿಯಿರಲಿಲ್ಲ’ ಎಂದು ಮಾತು ಹೋಗುತ್ತದೆ. ಕಂದು ಬಿದ್ದಾಗ ಹೊರಬರುವ ದ್ರವ, ಸತ್ತೆ, ಕರು ಎಲ್ಲದರಲ್ಲೂ ರೋಗಾಣು ಇರಬಹುದು. ಅದನ್ನು ಬರಿಗೈಯಲ್ಲಿ ಎತ್ತಿ ಹೂಳುವವರು ಮನೆಯವರೇ, ಬಹುಪಾಲು ಹೆಂಗಸರು. ಹೀಗೆ ಮಳೆಗಾಲದ ರೋಗ ಚಳಿಗಾಲದ ಬಾಗಿಲಲ್ಲಿ ಇನ್ನೊಮ್ಮೆ ಮನುಷ್ಯರನ್ನು ಮುಟ್ಟುವ ಅವಕಾಶ ಪಡೆಯುತ್ತದೆ. ಕಂದು ಹಾಕಿಸುವ ಇನ್ನೊಂದು ಬ್ಯಾಕ್ಟೀರಿಯಾ ಬ್ರುಸೆಲ್ಲಾ, ಅದೂ ಮನುಷ್ಯರಿಗೆ ಬರುತ್ತದೆ. ಎರಡನ್ನೂ ಕಣ್ಣಿನಿಂದ ನೋಡಿ ಬೇರ್ಪಡಿಸಲಾಗದು, ಮಾದರಿ ಪರೀಕ್ಷೆಯೇ ಆಗಬೇಕು.

ಹಾರ್ಡ್ಜೊ ಪೂರ್ತಿಯಾಗಿ ಮಳೆಯನ್ನೇ ಅವಲಂಬಿಸಿಲ್ಲ ಎಂಬುದನ್ನೂ ಹೇಳಬೇಕು. ಹಸುವಿನಿಂದ ಹಸುವಿಗೆ ಅದು ನೇರವಾಗಿಯೇ ದಾಟಬಲ್ಲದು, ಹೋರಿಯ ಮೂಲಕವೂ. ದಿನಕ್ಕೆ ಎರಡು ಹೊತ್ತು ಪೈಪು ಹಿಡಿದು ತೊಳೆಯುವ, ನೆಲ ಎಂದೂ ಒಣಗದ ನಗರದ ಡೇರಿಗಳಲ್ಲಿ, ಮುಂಬೈನ ಗೋರೆಗಾಂವ್, ಜೋಗೇಶ್ವರಿ ಕಡೆಯ ತಬೇಲಾಗಳಂಥ ಒತ್ತೊತ್ತಾದ ಜಾಗಗಳಲ್ಲಿ, ಕೊಟ್ಟಿಗೆಯೊಳಗೆ ವರ್ಷವಿಡೀ ಒಂದು ಬಗೆಯ ಮಳೆಗಾಲವೇ ಇರುತ್ತದೆ. ಇನ್ನು ದನಗಳ ರಕ್ತಪರೀಕ್ಷೆಯಿಂದ ಋತುಮಾನವನ್ನು ಹೇಳುವಾಗಲೂ ಎಚ್ಚರ ಬೇಕು. ಪ್ರತಿಕಾಯ ತಿಂಗಳುಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ, ಆದ್ದರಿಂದ ಜನವರಿಯಲ್ಲಿ ಪಾಸಿಟಿವ್ ಬಂದ ಹಸುವಿಗೆ ಸೋಂಕು ಜನವರಿಯಲ್ಲೇ ತಗಲಿತೆಂದು ಹೇಳಲಾಗದು. ಇದಕ್ಕೆ ಉಲ್ಟಾ, ಮೂತ್ರದಲ್ಲಿ ರೋಗಾಣು ಬಿಡುತ್ತಿರುವ ಕೆಲವು ಹಸುಗಳ ರಕ್ತ ನೆಗೆಟಿವ್ ಬರುವುದೂ ಉಂಟು.

ಊರಿಗೆ ಹೋಗಿ ಬರುವವರು

ಮುಂಬೈ, ಪುಣೆ, ಬೆಂಗಳೂರಿನ ಕರಾವಳಿ ಮೂಲದ ಕುಟುಂಬಗಳು ಊರಿಗೆ ಹೋಗುವುದು ಅಷ್ಟಮಿ, ಚೌತಿಗೆ. ಅದು ಆಗಸ್ಟ್, ಸೆಪ್ಟೆಂಬರ್. ರೋಗದ ಏರುಗಾಲವೂ ಅದೇ. ವರ್ಷವಿಡೀ ಚಪ್ಪಲಿ, ಶೂ ಹಾಕಿ ಮೆತ್ತಗಾದ ಪಾದಗಳು ಅಲ್ಲಿ ನಾಲ್ಕು ದಿನ ಬರಿಗಾಲಲ್ಲಿ ಅಂಗಳಕ್ಕೆ, ಹಟ್ಟಿಗೆ, ಗದ್ದೆಗೆ ಇಳಿಯುತ್ತವೆ. ಮಕ್ಕಳು ತೋಡಿನ ನೀರಿನಲ್ಲಿ ಆಡುತ್ತಾರೆ.

ಕರಾವಳಿ ಮಲೆನಾಡಿನ ಹಟ್ಟಿಗಳಲ್ಲಿ ಸೊಪ್ಪು, ತರಗೆಲೆ ಹಾಸುವ ಪದ್ಧತಿ ಇದೆ. ದಿನಗಟ್ಟಲೆ ಗಂಜಲ ಕುಡಿದು ಕೊಳೆತ ಆ ಹಾಸನ್ನು ಕೈಯಲ್ಲಿ ಬಾಚಿ, ಬುಟ್ಟಿಗೆ ತುಂಬಿ, ತಲೆಯ ಮೇಲೆ ಹೊತ್ತು ಗೊಬ್ಬರ ಗುಂಡಿಗೆ ಹಾಕುತ್ತಾರೆ. ಬುಟ್ಟಿಯಿಂದ ರಸ ಮುಖಕ್ಕೆ, ಕಣ್ಣಿಗೆ ಇಳಿಯುತ್ತದೆ. ಭೂಮಿಗೆ ಇದು ಒಳ್ಳೆಯ ಗೊಬ್ಬರ, ಅದರಲ್ಲಿ ಅನುಮಾನವಿಲ್ಲ. ಹೊರುವವರಿಗೆ ಮಾತ್ರ ಕೈಗವಸು, ಗಂಬೂಟು, ತಲೆಗೆ ಪ್ಲಾಸ್ಟಿಕ್ ಹೊದಿಕೆ ಬೇಕು. ಗಂಬೂಟು ಹಾಕಿ ಹಟ್ಟಿಗೆ ಇಳಿದರೆ ಊರಿನಲ್ಲಿ ನಗುತ್ತಾರೆ ಎನ್ನುವವರಿದ್ದಾರೆ. ನಗಲಿ. ಜೀವಾಮೃತ ತಯಾರಿಸುವವರಿಗೂ ಇದೇ ಮಾತು. ತಾಜಾ ಗಂಜಲದಲ್ಲಿ ಬರಿಗೈ ಅದ್ದಿ ಕಲಕುವ ಬದಲು ಕೋಲು ಬಳಸಬಹುದು.

ಹಾಲಿನ ಬಗ್ಗೆ ಅನಗತ್ಯ ಹೆದರಿಕೆ ಬೇಡ. ಈ ರೋಗ ಹರಡುವ ಮುಖ್ಯ ದಾರಿ ಹಾಲಲ್ಲ, ಹಾಲಿನಲ್ಲಿ ರೋಗಾಣು ಹೆಚ್ಚು ಹೊತ್ತು ಬಾಳುವುದೂ ಇಲ್ಲ. ಕಾಯಿಸಿದ ಹಾಲು, ಪಾಶ್ಚರೀಕರಿಸಿದ ಪ್ಯಾಕೆಟ್ ಹಾಲು ಸುರಕ್ಷಿತ. ಹಸಿ ಹಾಲು ಕುಡಿಯಬಾರದು ಎನ್ನುವುದಕ್ಕೆ ಬ್ರುಸೆಲ್ಲಾ, ಕ್ಷಯದಂಥ ಬೇರೆ ಕಾರಣಗಳೇ ಸಾಕಷ್ಟಿವೆ. ಗೋಮೂತ್ರದ ವಿಷಯ ಸೂಕ್ಷ್ಮ, ಆದರೆ ರೋಗಿಗಳ ಅಂಕಣದಲ್ಲಿ ಅದನ್ನು ಬಿಟ್ಟು ಮುಂದೆ ಹೋಗಲಾಗದು. ಹಸಿ ಗಂಜಲವನ್ನು ಗಾಯಕ್ಕೆ ಹಚ್ಚುವುದು, ಕಣ್ಣಿಗೆ ಬಿಡುವುದು, ಕುಡಿಯುವುದು, ಇವುಗಳಲ್ಲಿ ಈ ಸೋಂಕಿನ ಅಪಾಯವಿದೆ. ಹಸು ಮನೆಯದೇ ಆಗಿರಲಿ, ದೇಸಿ ತಳಿಯದೇ ಆಗಿರಲಿ, ಆ ಅಪಾಯ ತಪ್ಪುವುದಿಲ್ಲ.

ಜ್ವರ ಬಂದಾಗ

ಮೊದಲ ಮೂರು ನಾಲ್ಕು ದಿನ ಇದು ಡೆಂಗಿಯಂತೆ, ಫ್ಲೂನಂತೆ ಕಾಣುತ್ತದೆ: ಇದ್ದಕ್ಕಿದ್ದಂತೆ ಜೋರು ಜ್ವರ, ಚಳಿ, ತಲೆನೋವು. ಅನುಮಾನ ಹುಟ್ಟಿಸಬೇಕಾದ ಸಂಗತಿಗಳು ಎರಡು. ಮೀನಖಂಡ ಮತ್ತು ಸೊಂಟದಲ್ಲಿ ಮುಟ್ಟಿದರೆ ತಡೆಯಲಾಗದಂಥ ನೋವು, ಮತ್ತು ಪಿಸುರು ಇಲ್ಲದೆ ಕೆಂಪಾದ ಕಣ್ಣು. ಎಲ್ಲರಲ್ಲೂ ಇವು ಇರಬೇಕೆಂದಿಲ್ಲ. ಪ್ಲೇಟ್‌ಲೆಟ್ ಇದರಲ್ಲೂ ಇಳಿಯುತ್ತದೆ, ಹಾಗಾಗಿ ‘ಪ್ಲೇಟ್‌ಲೆಟ್ ಕಡಿಮೆ, ಅಂದರೆ ಡೆಂಗಿ’ ಎಂದು ಮನೆಯಲ್ಲೇ ತೀರ್ಮಾನಿಸಬೇಡಿ. ಡೆಂಗಿ ಪರೀಕ್ಷೆ ನೆಗೆಟಿವ್ ಬಂದು ಜ್ವರ ಮುಂದುವರಿದರೆ ‘ಇದು ಲೆಪ್ಟೊ ಇರಬಹುದೇ’ ಎಂದು ನೀವೇ ಕೇಳಿ, ಅದರಲ್ಲಿ ಸಂಕೋಚ ಬೇಡ.

ಹೆಚ್ಚಿನವರಲ್ಲಿ ಜ್ವರ ಇಷ್ಟಕ್ಕೇ ಇಳಿಯುತ್ತದೆ. ಕೆಲವರಲ್ಲಿ ಮಾತ್ರ ನಾಲ್ಕೈದು ದಿನಗಳ ನಂತರ ಕಾಯಿಲೆ ತಿರುಗಿ ಬೀಳುತ್ತದೆ: ಕಣ್ಣು ಹಳದಿಯಾಗುವುದು, ಮೂತ್ರ ಕಡಿಮೆಯಾಗುವುದು, ಉಸಿರಾಟ ಕಷ್ಟವಾಗುವುದು, ಕೆಮ್ಮಿನಲ್ಲಿ ರಕ್ತ. ಇವುಗಳಲ್ಲಿ ಒಂದು ಕಂಡರೂ ರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು. ಇಲ್ಲಿ ನಮ್ಮ ಕಡೆಯ ಒಂದು ರೂಢಿ ಅಡ್ಡ ಬರುತ್ತದೆ. ಕಣ್ಣು ಹಳದಿಯಾದರೆ ‘ಕಾಮಾಲೆ’, ಕಾಮಾಲೆಗೆ ನಾಟಿ ಔಷಧಿ, ಪಥ್ಯ, ಮೂರು ದಿನ ಬೆಳಿಗ್ಗೆ ಹೋಗಬೇಕು ಎಂಬ ದಾರಿ ಎಲ್ಲರಿಗೂ ಗೊತ್ತು. ಮುಂಬೈಯಿಂದಲೂ ಅದಕ್ಕಾಗಿ ಊರಿಗೆ ಬರುವವರಿದ್ದಾರೆ. ಜ್ವರ ಇಳಿಯದೆ ಕಣ್ಣು ಹಳದಿಯಾಗಿದ್ದರೆ ಅದು ಮಾಮೂಲಿ ಕಾಮಾಲೆ ಅಲ್ಲದಿರುವ ಸಾಧ್ಯತೆ ಹೆಚ್ಚು. ಆ ಮೂರು ದಿನಗಳಲ್ಲಿ ಮೂತ್ರಪಿಂಡ ಕೈಕೊಡಬಹುದು.

ಪರೀಕ್ಷೆಗೂ ಒಂದು ಸಮಯವಿದೆ. ಮೊದಲ ವಾರದಲ್ಲಿ ರಕ್ತದ ಪಿಸಿಆರ್ ಪರೀಕ್ಷೆ ಉಪಯುಕ್ತ. ಸಾಮಾನ್ಯವಾಗಿ ಮಾಡುವ ಐಜಿಎಂ ಪರೀಕ್ಷೆ ಪಾಸಿಟಿವ್ ಆಗಲು ಐದಾರು ದಿನಗಳಾದರೂ ಬೇಕು. ಮೂರನೇ ದಿನ ಮಾಡಿಸಿದ ಐಜಿಎಂ ನೆಗೆಟಿವ್ ಬಂದರೆ ರೋಗವಿಲ್ಲ ಎಂದರ್ಥವಲ್ಲ. ಅದಕ್ಕಾಗಿಯೇ ಅನುಮಾನ ಬಲವಾಗಿದ್ದರೆ ವೈದ್ಯರು ವರದಿಗೆ ಕಾಯದೆ ಆಂಟಿಬಯಾಟಿಕ್ ಶುರು ಮಾಡುತ್ತಾರೆ. ‘ರಿಪೋರ್ಟ್ ಬರದೆ ಔಷಧಿ ಯಾಕೆ’ ಎಂದು ಜಗಳವಾಡುವ ಸಂಬಂಧಿಕರು ಇದನ್ನು ತಿಳಿದಿರಬೇಕು. ವೈದ್ಯರು ಆ ನಿರ್ಧಾರಕ್ಕೆ ಬರಲು ನೀವು ಕೊಡುವ ಮಾಹಿತಿಯೇ ಆಧಾರ: ಕಳೆದ ಒಂದು ತಿಂಗಳಲ್ಲಿ ನೆರೆ ನೀರಿನಲ್ಲಿ ನಡೆದಿದ್ದೀರಾ, ಗದ್ದೆಗೆ, ಕೊಟ್ಟಿಗೆಗೆ ಇಳಿದಿದ್ದೀರಾ, ಕಾಲಿನಲ್ಲಿ ಗಾಯವಿತ್ತೇ, ಮನೆಯ ಹಸು ಕಂದು ಹಾಕಿತ್ತೇ, ಹಾಲು ಇದ್ದಕ್ಕಿದ್ದಂತೆ ಇಳಿದಿತ್ತೇ. ಹಸುವಿನ ಕಥೆಯನ್ನು ಮನುಷ್ಯರ ಡಾಕ್ಟರ ಹತ್ತಿರ ಹೇಳುವುದು ವಿಚಿತ್ರ ಎನಿಸಬಹುದು. ಈ ರೋಗದಲ್ಲಿ ಅದು ಅರ್ಧ ಪರೀಕ್ಷೆಗೆ ಸಮ.

ಡಾಕ್ಸಿಸೈಕ್ಲಿನ್, ಅಜಿತ್ರೊಮೈಸಿನ್, ಪೆನ್ಸಿಲಿನ್, ಸೆಫ್ಟ್ರಿಯಾಕ್ಸೋನ್‌ನಂಥ ಹಳೆಯ, ಸುಲಭವಾಗಿ ಸಿಗುವ ಔಷಧಿಗಳಿಗೇ ಈ ರೋಗಾಣು ಬಗ್ಗುತ್ತದೆ. ಮನೆಯಲ್ಲಿ ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಮೈಕೈ ನೋವು ತಾಳಲಾರದೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ನುಂಗಿದರೆ ಮೊದಲೇ ಸಂಕಟದಲ್ಲಿರುವ ಮೂತ್ರಪಿಂಡಕ್ಕೆ ಇನ್ನೊಂದು ಪೆಟ್ಟು. ಮನೆಯವರು ಮಾಡಬಹುದಾದ ಅತ್ಯಂತ ಉಪಯುಕ್ತ ಕೆಲಸ ದಿನಕ್ಕೆ ಎಷ್ಟು ಮೂತ್ರ ಹೋಗುತ್ತಿದೆ ಎಂದು ಬರೆದಿಡುವುದು. ಡಯಾಲಿಸಿಸ್ ಬೇಕು ಎಂದರೆ ಎದೆಗೆಡಬೇಡಿ. ಈ ರೋಗದಲ್ಲಿ ಅದು ಬಹುಪಾಲು ತಾತ್ಕಾಲಿಕ, ಬದುಕುಳಿದ ಹೆಚ್ಚಿನವರ ಮೂತ್ರಪಿಂಡ ಮತ್ತೆ ಕೆಲಸ ಮಾಡುತ್ತದೆ.

ರೋಗಿಯಿಂದ ಮನೆಯವರಿಗೆ ಹರಡುವುದು ಅತಿ ಅಪರೂಪ. ಬೇರೆ ಕೋಣೆ, ಬೇರೆ ತಟ್ಟೆ ಬೇಕಿಲ್ಲ. ರೋಗಿಯ ಮೂತ್ರದಲ್ಲಿ ಕೆಲವು ವಾರ ರೋಗಾಣು ಇರಬಹುದು, ಆದ್ದರಿಂದ ಬೆಡ್‌ಪ್ಯಾನ್ ತೆಗೆಯುವಾಗ ಕೈಗವಸು ಹಾಕಿ, ಆಮೇಲೆ ಸೋಪಿನಿಂದ ಕೈ ತೊಳೆದರೆ ಸಾಕು.

ನೆರೆ ನೀರಿನಲ್ಲಿ ನಡೆದವರು 72 ಗಂಟೆಯೊಳಗೆ ವೈದ್ಯರನ್ನು ಕಂಡು ಮುನ್ನೆಚ್ಚರಿಕೆಯ ಮಾತ್ರೆ ಬೇಕೇ ಎಂದು ಕೇಳಬೇಕು ಎಂದು ಮುಂಬೈ ಪಾಲಿಕೆ ಮಳೆಗಾಲದಲ್ಲಿ ಸೂಚಿಸುತ್ತದೆ. ಎಷ್ಟು ಹೊತ್ತು ನೀರಿನಲ್ಲಿದ್ದಿರಿ, ಗಾಯವಿತ್ತೇ ಎಂಬುದರ ಮೇಲೆ ಪ್ರಮಾಣ ನಿರ್ಧಾರವಾಗುತ್ತದೆ. ಗರ್ಭಿಣಿಯರಿಗೆ, ಎಂಟು ವರ್ಷದೊಳಗಿನ ಮಕ್ಕಳಿಗೆ ಇದಕ್ಕಾಗಿ ಡಾಕ್ಸಿಸೈಕ್ಲಿನ್ ಕೊಡುವುದಿಲ್ಲ, ಬೇರೆ ಔಷಧಿ ಕೊಡುತ್ತಾರೆ. ಮೆಡಿಕಲ್ ಅಂಗಡಿಯಿಂದ ತಂದು ಮನೆಮಂದಿಗೆಲ್ಲ ಹಂಚಬೇಡಿ.

ಹಸುವಿಗೆ ಲಸಿಕೆ ಇದೆ, ಇಲ್ಲಿ ಸಿಗುವುದು ಕಡಿಮೆ

ನ್ಯೂಜಿಲೆಂಡಿನಲ್ಲಿ ಒಂದು ಕಾಲಕ್ಕೆ ಇದು ಹೈನುಗಾರರ ಕಾಯಿಲೆಯೇ ಆಗಿತ್ತು. ಅಲ್ಲಿನ ಹಾಲು ಕರೆಯುವ ಶೆಡ್‌ಗಳಲ್ಲಿ ಕೆಲಸಗಾರ ತಗ್ಗಿನಲ್ಲಿ ನಿಂತಿರುತ್ತಾನೆ, ಹಸುವಿನ ಹಿಂಭಾಗ ಅವನ ಮುಖದ ಮಟ್ಟಕ್ಕೆ ಬರುತ್ತದೆ. ಮೂತ್ರ ಸಿಡಿದರೆ ನೇರ ಕಣ್ಣಿಗೆ, ಬಾಯಿಗೆ. 1980ರ ದಶಕದಲ್ಲಿ ಅಲ್ಲಿ ಹಸುಗಳಿಗೆ ಲಸಿಕೆ ವ್ಯಾಪಕವಾದ ಮೇಲೆ ಮನುಷ್ಯರ ಪ್ರಕರಣಗಳು ಗಣನೀಯವಾಗಿ ಇಳಿದವು. ಹಸುವಿಗೆ ಚುಚ್ಚಿದ ಸೂಜಿ ಮನುಷ್ಯರನ್ನು ಕಾಪಾಡಿತು.

ಭಾರತದಲ್ಲಿ 2019ರಲ್ಲಿ ಶುರುವಾದ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮ ಜಾನುವಾರುಗಳ ಕಾಲುಬಾಯಿ ರೋಗ ಮತ್ತು ಬ್ರುಸೆಲ್ಲೋಸಿಸ್ ಮೇಲೆ ನಿಂತಿದೆ. ಲೆಪ್ಟೊ ಅದರಲ್ಲಿಲ್ಲ. ಇದಕ್ಕೆ ಒಂದು ನ್ಯಾಯವಾದ ಕಾರಣವೂ ಇದೆ. ಲೆಪ್ಟೊ ಲಸಿಕೆ ಅದರಲ್ಲಿರುವ ಬಗೆಗಳ ವಿರುದ್ಧ ಮಾತ್ರ ಕೆಲಸ ಮಾಡುತ್ತದೆ, ಯಾವ ಪ್ರದೇಶದಲ್ಲಿ ಯಾವ ಬಗೆ ಓಡಾಡುತ್ತಿದೆ ಎಂದು ಮೊದಲು ತಿಳಿಯಬೇಕು. ಬೆಂಗಳೂರಿನ ಯಲಹಂಕದಲ್ಲಿರುವ ಪಶುರೋಗ ಸೋಂಕುಶಾಸ್ತ್ರ ಸಂಸ್ಥೆ ನಿವೇದಿ ಈ ಕೆಲಸದಲ್ಲಿ ತೊಡಗಿದೆ, ಮನುಷ್ಯರ ಕಡೆಯಿಂದ ಶ್ರೀ ವಿಜಯ ಪುರಂನ (ಹಿಂದಿನ ಪೋರ್ಟ್‌ಬ್ಲೇರ್) ಐಸಿಎಂಆರ್ ಕೇಂದ್ರವಿದೆ. ಆದರೆ ಜ್ವರದ ಲೆಕ್ಕ ಆರೋಗ್ಯ ಇಲಾಖೆಯಲ್ಲಿ, ಕಂದು ಹಾಕಿದ ಹಸುವಿನ ಲೆಕ್ಕ ಪಶುಸಂಗೋಪನಾ ಇಲಾಖೆಯಲ್ಲಿ. ತಾಲ್ಲೂಕು ಮಟ್ಟದಲ್ಲಿ ಈ ಎರಡು ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ನೋಡುವ ರೂಢಿ ಬಂದರೆ ಲಸಿಕೆಗೆ ಮೊದಲೇ ಸಾಕಷ್ಟು ಪ್ರಯೋಜನವಾದೀತು.

ಊರಿನಲ್ಲಿ ಹಸು ಕಟ್ಟಿರುವವರಿಗೆ ಫೋನಿನಲ್ಲಿ ಹೇಳಬಹುದಾದ ಕೆಲವು ಮಾತುಗಳು. ಕೊಟ್ಟಿಗೆಯ ಗಂಜಲ ಅಂಗಳಕ್ಕೆ ಹರಿಯದೆ ಗುಂಡಿಗೆ ಹೋಗುವಂತೆ ಕಾಲುವೆ ಮಾಡಿಸಿ, ಮಳೆಗೆ ಮೊದಲೇ. ಬ್ಲೀಚಿಂಗ್ ಪುಡಿ ಹಾಕುವುದಾದರೆ ಸಗಣಿ ಬಾಚಿ ತೊಳೆದ ಮೇಲೆ ಹಾಕಿ, ಸಗಣಿಯ ಮೇಲೆ ಹಾಕಿದ ಕ್ಲೋರಿನ್ ಕೆಲಸ ಮಾಡುವುದಿಲ್ಲ. ಹಿಂಡಿ, ಮೇವು ಇಲಿಗೆ ಸಿಗದಂತೆ ಮುಚ್ಚಿಡಿ, ಏಕೆಂದರೆ ಹಸುವಿಗೂ ಇಲಿಯಿಂದ ಸೋಂಕು ಬರುತ್ತದೆ. ಹಸು ಕಂದು ಹಾಕಿದರೆ ಬರಿಗೈಯಲ್ಲಿ ಮುಟ್ಟದೆ, ಹೂಳುವ ಮೊದಲು ಪಶುವೈದ್ಯರಿಗೆ ತಿಳಿಸಿ ಮಾದರಿ ತೆಗೆಯಲು ಹೇಳಿ. ಸೋಂಕು ಖಚಿತವಾದರೆ ಅವರು ಕೊಡುವ ಆಂಟಿಬಯಾಟಿಕ್‌ನಿಂದ ಮೂತ್ರದಲ್ಲಿ ರೋಗಾಣು ಬರುವುದು ತಗ್ಗುತ್ತದೆ. ಔಷಧಿ ನಡೆಯುವಾಗ ಮತ್ತು ಆಮೇಲೆ ಅವರು ಹೇಳಿದಷ್ಟು ದಿನ ಆ ಹಾಲನ್ನು ಡೇರಿಗೆ ಹಾಕಬೇಡಿ, ಮನೆಯಲ್ಲೂ ಬಳಸಬೇಡಿ.

ಗುಣವಾಗಿ ಮನೆಗೆ ಬಂದವರಿಗೆ ಇನ್ನೊಂದು ಸೂಚನೆ. ಜ್ವರ ಹೋಗಿ ವಾರಗಳಾದ ಮೇಲೆ, ಕೆಲವೊಮ್ಮೆ ತಿಂಗಳುಗಳಾದ ಮೇಲೆ, ಕಣ್ಣಿನ ಒಳಗೆ ಉರಿಯೂತ ಬರಬಹುದು. 1993ರ ಕೊನೆಯ ನೆರೆಯ ನಂತರ ಮದುರೈಯಲ್ಲಿ ಇಂಥ ಕಣ್ಣಿನ ರೋಗಿಗಳು ಗುಂಪಾಗಿ ಆಸ್ಪತ್ರೆಗೆ ಬಂದಾಗಲೇ ಕಣ್ಣಿನ ವೈದ್ಯರು ಲೆಪ್ಟೊ ಕಡೆ ಗಮನ ಹರಿಸಿದ್ದು. ಕಣ್ಣು ಕೆಂಪಾಗಿ ನೋವು ಬಂದರೆ, ಬೆಳಕು ಚುಚ್ಚಿದರೆ, ನೋಟ ಮಂಜಾದರೆ ಕಣ್ಣಿನ ವೈದ್ಯರಿಗೆ ‘ಹಿಂದೆ ಲೆಪ್ಟೊ ಆಗಿತ್ತು’ ಎಂದು ಮೊದಲೇ ಹೇಳಿ, ಡಿಸ್ಚಾರ್ಜ್ ಕಾಗದವನ್ನು ಜೊತೆಗೆ ಒಯ್ಯಿರಿ. ಬೇಗ ಚಿಕಿತ್ಸೆ ಸಿಕ್ಕರೆ ಹೆಚ್ಚಿನವರ ದೃಷ್ಟಿ ಉಳಿಯುತ್ತದೆ.